ಕುಂಚ, ಕವಿತೆ ಮತ್ತು ಕರಗುತ್ತಿರುವ ಒಂದು ಪೇಟೆ

ವಿಯೆಟ್ನಾಂ ರಾಜಧಾನಿ ಹನೋಯ್‌ನ ಹಳೆಯ ಪೇಟೆಯಲ್ಲಿ ಥುವೊಕ್ ಬಾಕ್ ಎಂಬ ಬೀದಿಯೊಂದಿದೆ. ಆ ಹೆಸರಿನ ಅರ್ಥ ‘ಉತ್ತರದ ಔಷಧಿ’. ಉತ್ತರವೆಂದರೆ ಇಲ್ಲಿ ಚೀನಾ. ಗಿಡಮೂಲಿಕೆ, ಬೇರು, ತೊಗಟೆಗಳ ವ್ಯಾಪಾರಕ್ಕೆ ಹೆಸರಾಗಿದ್ದ ಈ ಬೀದಿಯ 87ನೇ ನಂಬರಿನ ಮನೆಯಲ್ಲಿ ಬುಯಿ ಸುವಾನ್ ಫಾಯ್ ಎಂಬ ಚಿತ್ರಕಾರರು ಮೂರು ದಶಕಗಳಿಗೂ ಹೆಚ್ಚು ಕಾಲ ಬಾಳಿದರು. ಕ್ಯಾನ್‌ವಾಸಿಗೆ ದುಡ್ಡಿಲ್ಲದಾಗ ಹಳೆಯ ವೃತ್ತಪತ್ರಿಕೆಯ ಮೇಲೆ, ರಟ್ಟಿನ ಚೂರಿನ ಮೇಲೆ, ಕೊನೆಗೆ ಬೆಂಕಿಪೊಟ್ಟಣದ ಮೇಲೂ ಚಿತ್ರ ಬರೆದರು. ಬರೆದದ್ದು ಬಹುಪಾಲು ಒಂದೇ ವಸ್ತುವನ್ನು: ತಮ್ಮ ಮನೆಯ ಸುತ್ತಲಿನ ಬೀದಿಗಳನ್ನು. ವಿಯೆಟ್ನಾಮಿ ಭಾಷೆಯಲ್ಲಿ ಬೀದಿಗೆ ‘ಫೋ’ ಎನ್ನುತ್ತಾರೆ. ಜನ ಆ ಚಿತ್ರಗಳಿಗೆ ‘ಫೋ ಫಾಯ್’ ಎಂದೇ ಹೆಸರಿಟ್ಟರು. ಅಂದರೆ ಫಾಯ್ ಅವರ ಬೀದಿ. ಒಂದು ನಗರದ ಬೀದಿಗಳು ಅದನ್ನು ಬರೆದವರ ಹೆಸರಿನಿಂದಲೇ ಗುರುತಿಸಿಕೊಳ್ಳುವುದು ಕಲೆಯ ಇತಿಹಾಸದಲ್ಲಿ ಅಪರೂಪದ ಸಂಗತಿ.

ಇದೇ ನಗರವನ್ನು ಅಕ್ಷರದಲ್ಲಿ ಹಿಡಿದಿಟ್ಟವರು ಫಾನ್ ವೂ. ಹಾಯ್‌ಫಾಂಗ್ ಬಂದರಿನಲ್ಲಿ 1926ರಲ್ಲಿ ಹುಟ್ಟಿದ ಇವರು ಕವಿ, ನಾಟಕಕಾರ, ಚಲನಚಿತ್ರ ನಿರ್ದೇಶಕ. ಇಳಿವಯಸ್ಸಿನಲ್ಲಿ ಕುಂಚ ಹಿಡಿದು ಚಿತ್ರಕಾರರೂ ಆದರು. 1972ರ ಡಿಸೆಂಬರಿನಲ್ಲಿ, ಅಮೆರಿಕದ ಬಿ-52 ವಿಮಾನಗಳು ಹನೋಯ್ ಮೇಲೆ ಬಾಂಬಿನ ಮಳೆಗರೆಯುತ್ತಿದ್ದಾಗ ಇವರು ಬರೆದ ‘ಎಮ್ ಒಯ್, ಹಾ ನೊಯ್ ಫೋ’ ಎಂಬ ನೀಳ್ಗವಿತೆಯನ್ನು ಇಂದು ಆ ನಗರದಲ್ಲಿ ಕೇಳದವರಿಲ್ಲ.

ಇಬ್ಬರೂ ಕಂಡದ್ದು ಒಂದೇ ತಲೆಮಾರಿನೊಳಗೆ ನಾಲ್ಕೈದು ಸಲ ಮೈ ಬದಲಿಸಿದ ನಗರವನ್ನು. ಫ್ರೆಂಚರ ಆಳ್ವಿಕೆ, ಬಿಡುಗಡೆಯ ಹೋರಾಟ, ಪಡಿತರದ ಸಮಾಜವಾದ, ಬಾಂಬುದಾಳಿ, ಕೊನೆಗೆ ಮಾರುಕಟ್ಟೆಯ ನಾಗಾಲೋಟ. ಇಷ್ಟು ವೇಗವಾಗಿ ಬದಲಾಗುವ ಊರಿನಲ್ಲಿ ಕಲಾವಿದನ ಕೆಲಸವೇನು? ಹೋಗುತ್ತಿರುವುದನ್ನು ಬರೆದಿಡುವುದೇ? ಬರೆದಿಟ್ಟದ್ದರಿಂದ ಊರಿಗೆ ಏನಾದರೂ ಆಗುತ್ತದೆಯೇ? ಹನೋಯ್‌ನ ಕಥೆ ಈ ಪ್ರಶ್ನೆಗಳಿಗೆ ಸುಲಭದ ಉತ್ತರ ಕೊಡುವುದಿಲ್ಲ. ಆದರೆ ಪ್ರಶ್ನೆ ಎಷ್ಟು ಆಳವಾದದ್ದೆಂಬುದನ್ನು ತೋರಿಸಿಕೊಡುತ್ತದೆ.

ಸರಕಿನ ಹೆಸರು, ಬೀದಿಯ ಹೆಸರು

ಲೀ ವಂಶದ ದೊರೆ ಲೀ ಥಾಯ್ ತೊ 1010ರಲ್ಲಿ ಕೆಂಪು ನದಿಯ ದಂಡೆಗೆ ರಾಜಧಾನಿಯನ್ನು ತಂದು ಅದಕ್ಕೆ ಥಾಂಗ್ ಲಾಂಗ್ ಎಂದು ಹೆಸರಿಟ್ಟ. ‘ಮೇಲೇಳುವ ಡ್ರ್ಯಾಗನ್’ ಎಂದು ಇದರ ಅರ್ಥ. ಕೋಟೆಯೊಳಗೆ ಅರಮನೆ; ಕೋಟೆಗೂ ನದಿಗೂ ನಡುವೆ ಅರಮನೆಗೆ ಬೇಕಾದ ಸರಕು ಒದಗಿಸುವ ಕಸುಬುದಾರರ ಪೇಟೆ. ಸುತ್ತಲ ಹಳ್ಳಿಗಳಿಂದ ಒಂದೊಂದು ಕಸುಬಿನವರು ಬಂದು ಒಂದೊಂದು ಬೀದಿಯಲ್ಲಿ ನೆಲೆಸಿದರು. ಬರುವಾಗ ತಮ್ಮ ಗ್ರಾಮದೇವತೆಯನ್ನೂ ಕರೆತಂದರು. ಪೇಟೆಯ ಅಂಗಡಿ ಸಾಲುಗಳ ನಡುವೆ ಇಂದಿಗೂ ಕಾಣಸಿಗುವ ‘ದಿನ್’ ಎಂಬ ಊರ ಗುಡಿಗಳು ಹೀಗೆ ಬಂದಂಥವು.

ಬೀದಿಗಳ ಹೆಸರಿನಲ್ಲಿ ಈ ಇತಿಹಾಸವೆಲ್ಲ ಅಚ್ಚೊತ್ತಿದೆ. ‘ಹಾಂಗ್’ ಎಂದರೆ ಸರಕು, ಅಂಗಡಿ. ಹಾಂಗ್ ಬಾಕ್ ಬೆಳ್ಳಿಯ ಬೀದಿ. ಬೆಳ್ಳಿಯ ಗಟ್ಟಿ ಎರಕ ಹೊಯ್ಯಲು ಚೌ ಖೆ ಎಂಬ ಹಳ್ಳಿಯವರು ಬಂದು ನೆಲೆಸಿದ ಜಾಗ. ಹಾಂಗ್ ಥಿಯೆಕ್ ತವರದ ಬೀದಿ. ಹಾಂಗ್ ಚಿಯೆವು ಚಾಪೆಯ ಬೀದಿ, ಹಾಂಗ್ ಮುವೊಯ್ ಉಪ್ಪಿನ ಬೀದಿ, ಹಾಂಗ್ ಬುವೊಮ್ ದೋಣಿಯ ಹಾಯಿಪಟದ ಬೀದಿ. ಹಾಂಗ್ ಮಾ ಎಂಬಲ್ಲಿ ಸತ್ತವರಿಗಾಗಿ ಸುಡುವ ಕಾಗದದ ವಸ್ತುಗಳು ಇಂದಿಗೂ ಬಿಕರಿಯಾಗುತ್ತವೆ. ಒಟ್ಟಾರೆ ಇದಕ್ಕೆ ‘ಮೂವತ್ತಾರು ಬೀದಿಗಳು’ ಎನ್ನುವುದು ರೂಢಿ. ಎಣಿಸಿದರೆ ಅದಕ್ಕಿಂತ ಹೆಚ್ಚೇ ಸಿಗುತ್ತವೆ. ಇಡೀ ಪೇಟೆಯ ವಿಸ್ತಾರ ಸುಮಾರು ಒಂದು ಚದರ ಕಿಲೋಮೀಟರು ಮಾತ್ರ.

ಇಲ್ಲಿನ ಮನೆಗಳನ್ನು ‘ಕೊಳವೆ ಮನೆ’ ಎನ್ನುತ್ತಾರೆ. ಮುಂಭಾಗದ ಅಗಲ ಎರಡು-ಮೂರು ಮೀಟರು. ಉದ್ದ ಮಾತ್ರ ಕೆಲವೆಡೆ ಅರವತ್ತು ಮೀಟರಿಗೂ ಮಿಕ್ಕಿ ಹಿಂದಕ್ಕೆ ಹೋಗುತ್ತದೆ. ಬೀದಿಗೆ ಮುಖಮಾಡಿದ ಅಂಗಡಿ, ಅದರ ಹಿಂದೆ ಗಾಳಿ-ಬೆಳಕಿಗೊಂದು ಪುಟ್ಟ ಅಂಗಳ, ಮತ್ತೊಂದು ಕೋಣೆ, ಮತ್ತೊಂದು ಅಂಗಳ, ಕಟ್ಟಕಡೆಗೆ ಅಡುಗೆಮನೆ. ಬೀದಿಬದಿಯ ಒಂದೊಂದು ಗೇಣು ಜಾಗಕ್ಕೂ ಎಷ್ಟು ಬೆಲೆಯಿತ್ತೆಂಬುದಕ್ಕೆ ಈ ಮನೆಗಳ ಆಕಾರವೇ ಸಾಕ್ಷಿ. ಫಾಯ್ ಅವರ ಚಿತ್ರಗಳಲ್ಲಿ ಒಂದಕ್ಕೊಂದು ಭುಜ ಕೊಟ್ಟು, ಬಾಗಿ, ಬೀಳಲಾರದೆ ನಿಂತಂತೆ ತೋರುವ ಹೆಂಚಿನ ಮಾಡುಗಳು ಇವೇ.

ಫ್ರೆಂಚರ ಶಾಲೆ, ಹೋರಾಟದ ಗೋಡೆ

ಹತ್ತೊಂಬತ್ತನೇ ಶತಮಾನದ ಕೊನೆಗೆ ಫ್ರೆಂಚರು ಹನೋಯ್‌ನ ಕೋಟೆಗೋಡೆಯನ್ನು ಕೆಡವಿದರು. ಕೆರೆಗಳನ್ನು ಮುಚ್ಚಿ ನೇರವಾದ ಅಗಲ ರಸ್ತೆಗಳನ್ನು ಹಾಕಿದರು. 1901ರಲ್ಲಿ ಟ್ರಾಮ್ ಬಂತು. 1902ರಲ್ಲಿ ಕೆಂಪು ನದಿಗೆ ಉಕ್ಕಿನ ಸೇತುವೆ ಬಿತ್ತು. ನಗರ ಫ್ರೆಂಚ್ ಇಂಡೋಚೀನಾದ ರಾಜಧಾನಿಯಾಯಿತು. 1911ರ ಹೊತ್ತಿಗೆ ಪ್ಯಾರಿಸಿನ ಮಾದರಿಯ ಒಪೆರಾ ಮಂದಿರವೂ ಸಿದ್ಧವಾಯಿತು. ಹಳೆಯ ಪೇಟೆಯನ್ನು ಮಾತ್ರ ಅವರು ಪೂರ್ತಿ ಅಳಿಸಲಿಲ್ಲ. ಅದರ ಪಕ್ಕದಲ್ಲೇ ತಮ್ಮದೊಂದು ಹೊಸ ನಗರ ಕಟ್ಟಿಕೊಂಡರು.

ಅವರು ತಂದ ಇನ್ನೊಂದು ವಸ್ತು ಕಲಾಶಾಲೆ. ವಿಕ್ಟರ್ ತಾರ್ದ್ಯೂ ಎಂಬ ಫ್ರೆಂಚ್ ಚಿತ್ರಕಾರ ವಿಯೆಟ್ನಾಮಿನವರೇ ಆದ ನಾಮ್ ಸೊನ್ ಅವರ ಜೊತೆಗೂಡಿ ನಡೆಸಿದ ಇಂಡೋಚೀನಾ ಲಲಿತಕಲಾ ಶಾಲೆ 1925ರಲ್ಲಿ ತೆರೆಯಿತು. ತೈಲವರ್ಣ, ಪರ್ಸ್‌ಪೆಕ್ಟಿವ್, ಬದುಕಿರುವ ಮಾದರಿಯನ್ನು ಎದುರಿಗೆ ಕೂರಿಸಿ ಬರೆಯುವ ರೀತಿ, ಇವೆಲ್ಲ ಇಲ್ಲಿಂದ ಬಂದವು. ಅರಗಿನ ಲೇಪ, ರೇಷ್ಮೆಯ ಮೇಲಿನ ಚಿತ್ರ ಮುಂತಾದ ದೇಸಿ ಮಾಧ್ಯಮಗಳು ಹೊಸ ರೂಪ ಪಡೆದದ್ದೂ ಇಲ್ಲಿಯೇ. ಶಾಲೆ ಇಪ್ಪತ್ತು ವರ್ಷ ನಡೆದು 1945ರಲ್ಲಿ ಮುಚ್ಚಿತು. ಅದರ ಕೊನೆಯ ತಂಡಗಳ ವಿದ್ಯಾರ್ಥಿಗಳಲ್ಲಿ ಫಾಯ್ ಒಬ್ಬರು.

ಫಾಯ್ ಹುಟ್ಟಿದ್ದು 1920ರ ಸೆಪ್ಟೆಂಬರ್ 1ರಂದು. ಅವರ ಮೂಲ ಊರು ಹನೋಯ್ ಹೊರವಲಯದ ಕಿಮ್ ಹುವಾಂಗ್. ಆ ಹಳ್ಳಿ ಕೆಂಪು ಕಾಗದದ ಮೇಲೆ ಅಚ್ಚೊತ್ತುವ ಜನಪದ ಚಿತ್ರಗಳಿಗೆ ಪ್ರಸಿದ್ಧವಾಗಿತ್ತು. 1915ರ ಪ್ರವಾಹದಲ್ಲಿ ಮರದ ಅಚ್ಚುಗಳು ನಾಶವಾದ ಮೇಲೆ ಆ ಕಸುಬು ಕ್ಷೀಣಿಸುತ್ತ ಹೋಯಿತು. ಹುಟ್ಟುವ ಮೊದಲೇ ಪೂರ್ವಿಕರ ಊರಿನ ಒಂದು ಕಲೆ ಕಣ್ಮರೆಯಾಗತೊಡಗಿತ್ತು ಎಂಬುದು ಅವರ ಬಾಳಿನ ಹಿನ್ನೆಲೆಗೆ ಒಪ್ಪುವ ಸಂಗತಿ.

1945ರ ಸೆಪ್ಟೆಂಬರ್ 2ರಂದು ಹೊ ಚಿ ಮಿನ್ ಸ್ವಾತಂತ್ರ್ಯ ಘೋಷಿಸಿದರು. ಮರಳಿ ಬಂದ ಫ್ರೆಂಚರೊಡನೆ 1946ರ ಡಿಸೆಂಬರಿನಲ್ಲಿ ಯುದ್ಧ ಹತ್ತಿಕೊಂಡಿತು. ಆಗ ಹಳೆಯ ಪೇಟೆಯೇ ರಣರಂಗ. ಹೋರಾಟಗಾರರು ಕೊಳವೆ ಮನೆಗಳ ನಡುಗೋಡೆಗಳಲ್ಲಿ ಕಂಡಿ ಕೊರೆದು, ಬೀದಿಗೆ ಇಳಿಯದೆಯೇ ಮನೆಯಿಂದ ಮನೆಗೆ ದಾಟುತ್ತ ಸುಮಾರು ಅರವತ್ತು ದಿನ ಕಾದಾಡಿದರು. ಫಾಯ್ ಕೂಡ ನಗರ ಬಿಟ್ಟು ಪ್ರತಿರೋಧದ ಪಾಳಯ ಸೇರಿದರು. 1950ರ ದಶಕದ ಆರಂಭದಲ್ಲಿ ಹನೋಯ್‌ಗೆ ಮರಳಿದ ಮೇಲೆ ಅವರು ಥುವೊಕ್ ಬಾಕ್ ಬೀದಿಯ ಮನೆ ಬಿಟ್ಟು ಕದಲಲಿಲ್ಲ.

1954ರ ಮೇ ತಿಂಗಳಲ್ಲಿ ದಿಯೆನ್ ಬಿಯೆನ್ ಫು ಕದನದಲ್ಲಿ ಫ್ರೆಂಚರು ಸೋತರು. ಅಕ್ಟೋಬರ್ 10ರಂದು ವಿಜಯಿ ಸೇನೆ ಹನೋಯ್ ಪ್ರವೇಶಿಸಿತು. ಅದಾಗಿ ಒಂದು ವಾರದೊಳಗೆ ನಮ್ಮ ಪ್ರಧಾನಿ ಜವಾಹರಲಾಲ್ ನೆಹರೂ ಆ ನಗರಕ್ಕೆ ಭೇಟಿ ಕೊಟ್ಟು ಹೊ ಚಿ ಮಿನ್ ಅವರನ್ನು ಕಂಡರೆಂಬುದು ಇಲ್ಲಿ ನೆನೆಯಬೇಕಾದ ಮಾತು.

ಬೀದಿ ಬರೆದದ್ದೂ ತಪ್ಪಾಯಿತು

ಹೊಸ ಸರ್ಕಾರ ಕಲಾವಿದರಿಂದ ಬಯಸಿದ್ದು ಸೈನಿಕ, ರೈತ, ಕಾರ್ಖಾನೆಯ ಕಾರ್ಮಿಕರ ಹುರುಪಿನ ಚಿತ್ರಗಳನ್ನು. ಸಮಾಜವಾದಿ ವಾಸ್ತವವಾದವೇ ಅಧಿಕೃತ ದಾರಿ. 1956ರಲ್ಲಿ ‘ನ್ಯಾನ್ ವಾನ್’, ‘ಜಾಯ್ ಫಾಮ್’ ಎಂಬ ಎರಡು ಪತ್ರಿಕೆಗಳು ಸೃಜನಶೀಲ ಸ್ವಾತಂತ್ರ್ಯದ ಮಾತೆತ್ತಿದವು. ಕ್ರಾಂತಿಯನ್ನು ವಿರೋಧಿಸಿದವರೇನೂ ಅಲ್ಲ ಇವರು. ಬಹುಮಂದಿ ಪ್ರತಿರೋಧದಲ್ಲಿ ದುಡಿದು ಬಂದವರೇ. ಆದರೂ ವರ್ಷ ಕಳೆಯುವುದರೊಳಗೆ ‘ನ್ಯಾನ್ ವಾನ್’ ನಿಂತುಹೋಯಿತು. ಅದರೊಂದಿಗೆ ಹೆಸರು ಸೇರಿಕೊಂಡ ಲೇಖಕರು, ಕಲಾವಿದರು ಒಬ್ಬೊಬ್ಬರಾಗಿ ಬೆಲೆ ತೆರಬೇಕಾಯಿತು.

ಹನೋಯ್ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ಫಾಯ್ 1957ರಲ್ಲಿ ಕೆಲಸ ಬಿಡಬೇಕಾಯಿತು. ಮರಗೆಲಸದ ಕಾರ್ಯಾಗಾರದಲ್ಲಿ ದುಡಿಯಲು ಅವರನ್ನು ಕಳುಹಿಸಲಾಯಿತು. ಆಮೇಲೆ ಪತ್ರಿಕೆಗಳಿಗೆ ಬೇರೆ ಬೇರೆ ಹೆಸರಿನಲ್ಲಿ ರೇಖಾಚಿತ್ರ ಬರೆದು ಸಂಸಾರ ತೂಗಿಸಿದರು. ಚೆಯೊ ಎಂಬ ಜನಪದ ರಂಗಭೂಮಿಯ ಸಂಬಂಧ ಬೆಳೆದು, ಆ ನಟ-ನಟಿಯರು ಬಣ್ಣ ಹಚ್ಚಿಕೊಳ್ಳುವ ಚಿತ್ರಗಳನ್ನು ಬರೆದರು. ಬೀದಿಗಳ ಅನಂತರ ಅವರಿಗೆ ಹೆಸರು ತಂದ ಮಾಲಿಕೆ ಅದು.

ಇದೇ ಪಾಡು ವಾನ್ ಕಾವ್ ಅವರದೂ ಆಯಿತು. ಕವಿ, ಚಿತ್ರಕಾರ, ಸಂಗೀತಗಾರ ಮೂರೂ ಆಗಿದ್ದ ಈತ ವಿಯೆಟ್ನಾಮಿನ ರಾಷ್ಟ್ರಗೀತೆಯನ್ನು ರಚಿಸಿದವರು. ಆದರೂ ಅವರ ಉಳಿದ ಹಾಡುಗಳು ಉತ್ತರದಲ್ಲಿ ದೀರ್ಘಕಾಲ ಸಾರ್ವಜನಿಕವಾಗಿ ಕೇಳಿಸಲಿಲ್ಲ. ಪುಸ್ತಕದ ಮುಖಪುಟ, ಪತ್ರಿಕೆಯ ಚಿತ್ರ ಬರೆಯುತ್ತ ಕಾಲ ತಳ್ಳಿದರು. ರಾಷ್ಟ್ರವೇ ಎದ್ದು ನಿಂತು ಹಾಡುವ ಗೀತೆಯ ಕರ್ತೃ ಮನೆಯಲ್ಲಿ ಮೌನವಾಗಿ ಕುಳಿತಿದ್ದ ಕಾಲವದು. ಅವರ ‘ಲಾ’ (ಎಲೆಗಳು) ಎಂಬ ಕವನಸಂಕಲನ ಹೊರಬಂದದ್ದು 1988ರಲ್ಲಿ.

ಫಾಯ್ ಅವರಿಗೆ ಚಿತ್ರ ಮಾರುವ ದಾರಿಯೇ ಇರಲಿಲ್ಲ. ಹನೋಯ್‌ನ ನ್ಗುಯೆನ್ ಹೂ ಹ್ವಾನ್ ಬೀದಿಯ ‘ಲಾಮ್’ ಕಾಫಿ ಅಂಗಡಿಯ ಕಥೆ ಇಲ್ಲಿ ಬರುತ್ತದೆ. ಅಂಗಡಿಯ ಯಜಮಾನರು ಕಾಫಿಯ ಬಾಕಿಗೆ ಬದಲಾಗಿ ಚಿತ್ರಗಳನ್ನು ತೆಗೆದುಕೊಳ್ಳುತ್ತಿದ್ದರು. ಹಾಗೆ ಬಂದ ಚಿತ್ರಗಳು ಹೊಗೆ ಹಿಡಿದ ಗೋಡೆಗಳಲ್ಲಿ ತೂಗುತ್ತ, ಆ ಅಂಗಡಿ ಅನಧಿಕೃತ ಕಲಾಶಾಲೆಯೇ ಆಯಿತು. ಸರ್ಕಾರದ ಗ್ಯಾಲರಿಗಳಲ್ಲಿ ಜಾಗ ಸಿಗದ ಕಲೆಯನ್ನು ಒಂದು ಲೋಟ ಕಾಫಿ ಕಾಪಾಡಿತೆಂದರೆ ಉತ್ಪ್ರೇಕ್ಷೆಯಲ್ಲ.

ಫಾಯ್ ಅವರ ಬದುಕಿನ ಮೊದಲ ಹಾಗೂ ಏಕೈಕ ಏಕವ್ಯಕ್ತಿ ಪ್ರದರ್ಶನ ನಡೆದದ್ದು 1984ರಲ್ಲಿ. ಆಗ ಅವರಿಗೆ 64. ನೂರಕ್ಕೂ ಹೆಚ್ಚು ಚಿತ್ರಗಳು ಅಲ್ಲಿದ್ದವು. ನಾಲ್ಕು ವರ್ಷದ ಮೇಲೆ, 1988ರ ಜೂನ್ 24ರಂದು ಅವರು ತೀರಿಕೊಂಡರು. ಹೊ ಚಿ ಮಿನ್ ಪ್ರಶಸ್ತಿ ಬಂದದ್ದು 1996ರಲ್ಲಿ, ಮರಣೋತ್ತರವಾಗಿ. ಅದೇ ಸಾಲಿನಲ್ಲಿ, ಅದೇ ರೀತಿ ಮರಣೋತ್ತರವಾಗಿ ವಾನ್ ಕಾವ್ ಅವರಿಗೂ ಬಂತು.

ಜನರಿಲ್ಲದ ಬೀದಿಗಳು

ಫಾಯ್ ಅವರ ಬೀದಿಚಿತ್ರವನ್ನು ಒಮ್ಮೆ ಕಂಡವರು ಇನ್ನೊಮ್ಮೆ ಗುರುತಿಸದೆ ಇರಲಾರರು. ಬೂದು, ಕಂದು, ಪಾಚಿ ಹಿಡಿದ ಬಿಳಿ, ದಪ್ಪನೆಯ ಕಪ್ಪು ಗೆರೆಗಳು, ಅಂಕುಡೊಂಕಾದ ಮಾಡು, ಒಳಗೆ ಏನಿದೆಯೆಂದು ಹೇಳದ ಕತ್ತಲ ಕಿಟಕಿ, ಮೂಲೆಯಲ್ಲಿ ಒಂದು ವಿದ್ಯುತ್ ಕಂಬ. ಕೆಲವೊಮ್ಮೆ ದೂರದಲ್ಲಿ ಬೆನ್ನು ಬಾಗಿಸಿ ನಡೆಯುವ ಒಂದು ಆಕೃತಿ. ಪ್ಯಾರಿಸಿನ ಬೀದಿಗಳನ್ನು ಬರೆದ ಮೊರೀಸ್ ಉತ್ರಿಲೊ ಅವರೊಡನೆ ಇವರನ್ನು ಹೋಲಿಸುವುದುಂಟು. ಪೇಟೆಯ ನಿಜವಾದ ಗುಣವೆಂದರೆ ಗದ್ದಲ. ಆದರೆ ಫಾಯ್ ಅವರ ಪೇಟೆಯಲ್ಲಿ ಗದ್ದಲವೇ ಇಲ್ಲ.

ಇದು ಗಮನಿಸಬೇಕಾದ ವಿಷಯ. 1954ರ ನಂತರ ಹಳೆಯ ಪೇಟೆಯ ಮನೆಗಳಲ್ಲಿ ಒಂದು ಸಂಸಾರವಿದ್ದಲ್ಲಿ ನಾಲ್ಕೈದು ಸಂಸಾರಗಳು ಸೇರಿಕೊಂಡವು. ಅಂಗಳಗಳಿಗೆ ತಗಡು ಹೊದಿಸಿ ಕೋಣೆಗಳನ್ನಾಗಿ ಮಾಡಲಾಯಿತು. ಕಕ್ಕಸು, ನಲ್ಲಿ, ಅಡುಗೆಯ ಜಾಗ ಎಲ್ಲರಿಗೂ ಒಂದೇ. ಇಷ್ಟು ಕಿಕ್ಕಿರಿದ ಬೀದಿಗಳಲ್ಲಿ ಬದುಕಿದ ಮನುಷ್ಯ ಖಾಲಿ ಬೀದಿಗಳನ್ನೇಕೆ ಬರೆದರು?

ಒಂದು ಉತ್ತರ ಇತಿಹಾಸದಲ್ಲೇ ಇದೆ. 1965ರಿಂದ 1968ರವರೆಗೆ, ಮತ್ತೆ 1972ರಲ್ಲಿ ಅಮೆರಿಕದ ಬಾಂಬುದಾಳಿಗೆ ಅಂಜಿ ಮಕ್ಕಳನ್ನೂ ವೃದ್ಧರನ್ನೂ ಹಳ್ಳಿಗಳಿಗೆ ಸಾಗಿಸಲಾಗಿತ್ತು. ಆಗ ಪೇಟೆ ನಿಜಕ್ಕೂ ಬರಿದಾಗಿತ್ತು. ಆದರೆ ಅಷ್ಟರಿಂದಲೇ ಎಲ್ಲ ಚಿತ್ರಗಳ ಮೌನವನ್ನು ವಿವರಿಸಲಾಗದು. ಫಾಯ್ ಕಣ್ಣೆದುರಿನ ಬೀದಿಯನ್ನು ನಕಲು ಮಾಡುತ್ತಿರಲಿಲ್ಲ. ಜನ, ಸರಕು, ಘೋಷಣೆಯ ಫಲಕ ಇವನ್ನೆಲ್ಲ ಒಂದೊಂದಾಗಿ ತೆಗೆದ ಮೇಲೆ ಬೀದಿಯಲ್ಲಿ ಏನು ಉಳಿಯುತ್ತದೆಂದು ಹುಡುಕುತ್ತಿದ್ದರು. ವೀರಾವೇಶದ ಚಿತ್ರಗಳನ್ನೇ ಬಯಸಿದ ಕಾಲದಲ್ಲಿ ಮುರುಕು ಮಾಡೊಂದನ್ನು ಮನಸ್ಸಿಟ್ಟು ಬರೆಯುವುದು ತಾನೇ ಒಂದು ನಿಲುವು. ಅವರು ಭಾಷಣ ಮಾಡಲಿಲ್ಲ. ಬರೆದದ್ದನ್ನೇ ಬರೆದರು, ಅಷ್ಟೆ. ಆ ಹಟವನ್ನು ಅರ್ಥಮಾಡಿಕೊಳ್ಳದೆ ಅವರ ಚಿತ್ರಗಳನ್ನು ಬರಿಯ ‘ಹಳೆಯ ನೆನಪು’ ಎಂದು ಕರೆಯುವುದು ಅನ್ಯಾಯ.

ಬಾಂಬಿನ ಕೆಳಗೊಂದು ಕವಿತೆ

ಫಾಯ್ ಅವರ ಬೀದಿಗಳು ಮೂವತ್ತು ವರ್ಷಗಳಲ್ಲಿ ಮೆಲ್ಲನೆ ರೂಪುಗೊಂಡವು. ಫಾನ್ ವೂ ಅವರ ಕವಿತೆಯಾದರೋ ಕೆಲವೇ ದಿನಗಳ ಒತ್ತಡದಲ್ಲಿ ಹುಟ್ಟಿತು. 1972ರ ಡಿಸೆಂಬರ್ 18ರಿಂದ 29ರವರೆಗೆ ಅಮೆರಿಕದ ವಿಮಾನಗಳು ಹನೋಯ್ ಮತ್ತು ಹಾಯ್‌ಫಾಂಗ್ ಮೇಲೆ ಎರಗಿದವು. ಬಾಕ್ ಮಾಯ್ ಆಸ್ಪತ್ರೆಗೆ ಬಾಂಬು ಬಿತ್ತು. 26ರ ರಾತ್ರಿ ಖಾಮ್ ಥಿಯೆನ್ ಎಂಬ ಜನನಿಬಿಡ ಬೀದಿಯ ಮನೆಗಳು ಸಾಲುಸಾಲಾಗಿ ಕುಸಿದು 250ಕ್ಕೂ ಹೆಚ್ಚು ಜನ ಸತ್ತರು.

ಆ ದಿನಗಳಲ್ಲಿ ಫಾನ್ ವೂ ಹಾಂಗ್ ಬುನ್, ಅಂದರೆ ಶಾವಿಗೆಯ ಬೀದಿಯ ಒಂದು ಅಟ್ಟದ ಕೋಣೆಯಲ್ಲಿದ್ದರು. ಇಪ್ಪತ್ತಕ್ಕೂ ಹೆಚ್ಚು ಖಂಡಗಳ ಅವರ ಕವಿತೆಯಲ್ಲಿ ಶತ್ರುವಿನ ನಿಂದನೆಯಾಗಲಿ, ಗೆಲುವಿನ ಕೂಗಾಗಲಿ ಮುಖ್ಯವಲ್ಲ. ಕವಿ ಲೆಕ್ಕ ಹಾಕುತ್ತಾರೆ: ಇನ್ನೂ ನಮಗೆ ಏನೇನು ಉಳಿದಿದೆ? ಒಂದು ಮರ, ಒಂದು ಪರಿಮಳ, ಎಲ್ಲಿಂದಲೋ ಬರುವ ವಾದ್ಯದ ಸದ್ದು, ಒಂದು ಬೀದಿಮೂಲೆ. ಮನೆ ಬಿದ್ದ ಮೇಲೆ ಅವಶೇಷಗಳ ನಡುವೆ ನಿಂತವರು ಪಾತ್ರೆ-ಪದಾರ್ಥ ಎಣಿಸುವಂತೆ ಕವಿ ಊರಿನ ಸೂಕ್ಷ್ಮಗಳನ್ನು ಎಣಿಸುತ್ತಾರೆ. ಉಳಿದದ್ದನ್ನು ಎಣಿಸುತ್ತ ಹೋದಂತೆ ಕಳೆದುಹೋದದ್ದರ ಭಾರ ಓದುಗನಿಗೆ ತಾನಾಗಿ ತಟ್ಟುತ್ತದೆ.

ಈ ಕವಿತೆ ಬಹುಕಾಲ ಅಚ್ಚಾಗಲಿಲ್ಲ. ಗೆಳೆಯರ ನಡುವೆ ಬಾಯಿಂದ ಬಾಯಿಗೆ, ಕೈಬರಹದಿಂದ ಕೈಬರಹಕ್ಕೆ ದಾಟಿತು. ಯುದ್ಧ ಮುಗಿದ ಮೇಲೆ ಫಾನ್ ವೂ ದಕ್ಷಿಣದ ಸೈಗಾನ್‌ಗೆ, ಅಂದರೆ ಹೊ ಚಿ ಮಿನ್ ನಗರಕ್ಕೆ ಹೋಗಿ ನೆಲೆಸಿದರು. 1980ರ ದಶಕದ ಉತ್ತರಾರ್ಧದಲ್ಲಿ, ಹನೋಯ್ ಬಿಟ್ಟು ಅಲ್ಲಿಗೇ ಬಂದಿದ್ದ ಸಂಗೀತ ನಿರ್ದೇಶಕ ಫೂ ಕ್ವಾಂಗ್ ಅದರ ಕೆಲವು ಸಾಲುಗಳಿಗೆ ರಾಗ ಹಾಕಿದರು. ಹೀಗೆ ಹನೋಯ್ ಕುರಿತ ಪ್ರಸಿದ್ಧ ಹಾಡು ಅಲ್ಲಿಂದ ಸಾವಿರ ಕಿಲೋಮೀಟರಿಗೂ ಆಚೆ, ಊರು ಬಿಟ್ಟ ಇಬ್ಬರಿಂದ ಹುಟ್ಟಿತು. ಊರಿನಲ್ಲೇ ಇದ್ದವರಿಗೆ ಕಾಣದ್ದು ಬಿಟ್ಟವರಿಗೆ ಕಾಣುವುದುಂಟು. ಫಾನ್ ವೂ 2019ರಲ್ಲಿ, 93ರ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅಕ್ಷರ ಬಿಟ್ಟು ಬಣ್ಣದ ಕಡೆಗೆ ತಿರುಗಿ ಚಿತ್ರಪ್ರದರ್ಶನಗಳನ್ನೂ ನಡೆಸಿದ್ದರು.

ಬಾಂಬು ಮಾಡದ್ದನ್ನು ಮಾರುಕಟ್ಟೆ ಮಾಡಿತು

1986ರ ಡಿಸೆಂಬರಿನಲ್ಲಿ ಕಮ್ಯುನಿಸ್ಟ್ ಪಕ್ಷದ ಆರನೇ ಮಹಾಧಿವೇಶನ ‘ದೊಯ್ ಮೊಯ್’ ಅರ್ಥಾತ್ ನವೀಕರಣದ ನೀತಿಯನ್ನು ಒಪ್ಪಿಕೊಂಡಿತು. ಪಡಿತರ ಚೀಟಿ ಹಿಡಿದು ಅಕ್ಕಿಗೆ, ಸೀಮೆಎಣ್ಣೆಗೆ ಸಾಲು ನಿಲ್ಲುವ ಕಾಲ ಮುಗಿಯುತ್ತ ಬಂತು. ಖಾಸಗಿ ಅಂಗಡಿಗಳು ಬಾಗಿಲು ತೆರೆದವು. 1994ರಲ್ಲಿ ಅಮೆರಿಕ ತನ್ನ ವ್ಯಾಪಾರ ನಿರ್ಬಂಧವನ್ನು ಹಿಂತೆಗೆದುಕೊಂಡಿತು. ಮರುವರ್ಷ ರಾಜತಾಂತ್ರಿಕ ಸಂಬಂಧ ಬೆಳೆಯಿತು. ಹಣ ಹರಿಯತೊಡಗಿತು. ಹಣದ ಜೊತೆ ಸಿಮೆಂಟೂ ಬಂತು.

ಹೆಂಚಿನ ಮಾಡು ಇಳಿಸಿ ನಾಲ್ಕೈದು ಅಂತಸ್ತು ಏರಿಸುವುದು ಮನೆಮನೆಯ ಕನಸಾಯಿತು. ಕೊಳವೆ ಮನೆ ಈಗ ಮೇಲಕ್ಕೆ ಬೆಳೆಯಿತು. ಅಗಲ ಮಾತ್ರ ಹಿಂದಿನಷ್ಟೇ. ಸೈಕಲ್ಲುಗಳ ಜಾಗಕ್ಕೆ ಮೋಟರ್ ಸೈಕಲ್ಲುಗಳು ಬಂದವು. 1901ರಿಂದ ಓಡಿದ ಟ್ರಾಮ್ 1990ರ ಆಸುಪಾಸಿನಲ್ಲಿ ನಿಂತಿತು. ಹುವಾನ್ ಕಿಯೆಮ್ ಸರೋವರದ ದಡದಲ್ಲಿ ಎದ್ದ ದೊಡ್ಡದೊಂದು ಕಟ್ಟಡವನ್ನು ಜನ ಸಿಟ್ಟಿನಿಂದ ‘ಶಾರ್ಕಿನ ದವಡೆ’ ಎಂದು ಕರೆದರು. 2025ರಲ್ಲಿ ಅದನ್ನೂ ಕೆಡವಲಾಯಿತು. 2008ರ ಆಗಸ್ಟ್ 1ರಂದು ಪಕ್ಕದ ಹಾ ತೇ ಪ್ರಾಂತ್ಯವನ್ನು ಸೇರಿಸಿಕೊಂಡು ಹನೋಯ್ ರಾತ್ರೋರಾತ್ರಿ ಮೂರು ಪಟ್ಟಿಗೂ ಹೆಚ್ಚು ದೊಡ್ಡದಾಗಿ 3,300 ಚದರ ಕಿಲೋಮೀಟರು ದಾಟಿತು. 2019ರ ಜನಗಣತಿಯಲ್ಲಿ ಅದರ ಜನಸಂಖ್ಯೆ 80 ಲಕ್ಷ ಮೀರಿತ್ತು. ಪಶ್ಚಿಮದ ಹೊಸ ಬಡಾವಣೆಗಳಲ್ಲಿ 72 ಅಂತಸ್ತಿನ ಗೋಪುರವೂ ಎದ್ದಿತು. ವಿಚಿತ್ರವೆಂದರೆ ಬುಯಿ ಸುವಾನ್ ಫಾಯ್ ಹೆಸರಿನ ಬೀದಿ ಇರುವುದೂ ಆ ಕಡೆಯ ಮಿ ದಿನ್ ಬಡಾವಣೆಯಲ್ಲೇ. ಹಳೆಯ ಪೇಟೆಯ ಚಿತ್ರಕಾರನಿಗೆ ಹೊಸ ನಗರ ಕೊಟ್ಟ ಗೌರವ ಅದು.

ಊರು ಬದಲಾದಷ್ಟೂ ಫಾಯ್ ಅವರ ಚಿತ್ರಗಳ ಬೆಲೆ ಏರಿತು. ಕಾಫಿಯ ಬಾಕಿಗೆ ಹೋದ ಚಿತ್ರಗಳನ್ನು ವಿದೇಶಿ ಸಂಗ್ರಾಹಕರು ಹುಡುಕಿಕೊಂಡು ಬಂದರು. ಬೆಲೆಯ ಬೆನ್ನಿಗೇ ನಕಲೂ ಬಂತು. ಫಾಯ್ ಸ್ನೇಹಿತರಿಗೆ ಧಾರಾಳವಾಗಿ ಚಿತ್ರ ಹಂಚಿದವರು. ರಸೀತಿ, ದಾಖಲೆ ಯಾವುದೂ ಇಲ್ಲ. ಸಣ್ಣ ಅಳತೆ, ಸಿಕ್ಕ ಕಾಗದ, ಮತ್ತೆ ಮತ್ತೆ ಅದೇ ವಸ್ತು. ನಕಲು ಮಾಡುವವರಿಗೆ ಇದಕ್ಕಿಂತ ಅನುಕೂಲವೇನು ಬೇಕು? ಯುದ್ಧಕಾಲದಲ್ಲಿ ಹನೋಯ್‌ನ ಲಲಿತಕಲಾ ವಸ್ತುಸಂಗ್ರಹಾಲಯವೇ ಮೂಲ ಕೃತಿಗಳನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿ, ಗೋಡೆಗೆ ಪ್ರತಿಗಳನ್ನು ತೂಗುಹಾಕಿತ್ತು. ಆಮೇಲೆ ಯಾವುದು ಮೂಲ, ಯಾವುದು ಪ್ರತಿ ಎಂಬ ಗೊಂದಲ ಉಳಿದುಕೊಂಡಿತು. 2016ರಲ್ಲಿ ಹೊ ಚಿ ಮಿನ್ ನಗರದ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ‘ಯುರೋಪಿನಿಂದ ಮರಳಿದ ಚಿತ್ರಗಳು’ ಎಂದು ಪ್ರದರ್ಶಿಸಿದ 17 ಕೃತಿಗಳಲ್ಲಿ ಫಾಯ್ ಹೆಸರಿನವೂ ಇದ್ದವು. ಹದಿನೇಳರಲ್ಲಿ ಒಂದೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಮಾರುಕಟ್ಟೆ ಹಳೆಯ ಬೀದಿಗಳನ್ನು ಕೆಡವಿತು. ಬೇಡಿಕೆಗೆ ತಕ್ಕಂತೆ ಹಳೆಯ ಬೀದಿಗಳ ಹೊಸ ಚಿತ್ರಗಳನ್ನೂ ತಯಾರಿಸಿಕೊಟ್ಟಿತು!

ಅಲ್ಲಿ ಬಾಳುವವರ ಮಾತು

ಹಳೆಯದನ್ನು ಉಳಿಸಿ ಎನ್ನುವುದು ಹೊರಗಿನವರಿಗೆ ಸುಲಭ. 2004ರಲ್ಲಿ ಹಳೆಯ ಪೇಟೆಯನ್ನು ರಾಷ್ಟ್ರೀಯ ಪರಂಪರೆಯ ತಾಣವೆಂದು ಘೋಷಿಸಲಾಯಿತು. ಫ್ರಾನ್ಸಿನ ತುಲೂಸ್ ನಗರದ ನೆರವಿನಿಂದ 1990ರ ದಶಕದ ಕೊನೆಗೆ ಮಾ ಮೇ ಬೀದಿಯ 87ನೇ ನಂಬರಿನ ಕೊಳವೆ ಮನೆಯನ್ನು ಹಿಂದಿನ ಅಂದಕ್ಕೆ ತಂದು ಸಾರ್ವಜನಿಕರಿಗೆ ತೆರೆಯಲಾಯಿತು. ಪ್ರವಾಸಿಗರು ಅದರ ಅಂಗಳದಲ್ಲಿ ನಿಂತು ಮೆಚ್ಚುತ್ತಾರೆ. ಆದರೆ ದುರಸ್ತಿಗೆ ಮುನ್ನ ಅಲ್ಲಿದ್ದ ಸಂಸಾರಗಳು ಬೇರೆಡೆಗೆ ಹೋದ ಮೇಲೆಯೇ ಆ ಅಂಗಳಕ್ಕೆ ಮತ್ತೆ ಬೆಳಕು ಬಿದ್ದದ್ದು.

ಪೇಟೆಯ ಜನಸಾಂದ್ರತೆ ಒಂದು ಹೆಕ್ಟೇರಿಗೆ 800 ಮೀರಿದಾಗ, ಸಾವಿರಾರು ಕುಟುಂಬಗಳನ್ನು ನದಿಯಾಚೆಯ ಬಡಾವಣೆಗೆ ಸ್ಥಳಾಂತರಿಸುವ ಯೋಜನೆಯನ್ನು ನಗರಾಡಳಿತ ಹಾಕಿಕೊಂಡಿತು. ಕೆಲಸ ಕುಂಟುತ್ತ ಸಾಗಿತು. ಕಾರಣ ಸರಳ. ಎರಡು ಮೀಟರು ಅಗಲದ ಅಂಗಡಿಮುಂಗಟ್ಟೇ ಈ ಜನರ ಅನ್ನ. ಗಾಳಿ-ಬೆಳಕಿನ ಫ್ಲಾಟು ಸಿಕ್ಕರೂ ಅಲ್ಲಿ ವ್ಯಾಪಾರವಿಲ್ಲ. ಇತ್ತ ಇದ್ದರೆ ಉಸಿರು ಕಟ್ಟುವ ಕೋಣೆ, ಅತ್ತ ಹೋದರೆ ಕೈಗೆ ಕೆಲಸವಿಲ್ಲ. ಫಾಯ್ ಅವರ ಚಿತ್ರದಲ್ಲಿ ನಮಗೆ ಸೊಗಸಾಗಿ ಕಾಣುವ ಆ ಸೋರುವ ಮಾಡಿನ ಕೆಳಗೆ ಮಳೆಗಾಲದ ರಾತ್ರಿ ಬಕೀಟು ಇಟ್ಟುಕೊಂಡು ಕೂತವರಿದ್ದರು ಎಂಬುದನ್ನು ಮರೆಯಬಾರದು. ಫಾಯ್ ಅದನ್ನು ಮರೆತವರಲ್ಲ. ಅವರ ಮನೆಯೂ ಅಂಥದೇ ಇಕ್ಕಟ್ಟಿನದು. ಆದ್ದರಿಂದಲೇ ಅವರ ಬೀದಿಗಳಲ್ಲಿ ಅಂದವಿದ್ದರೂ ಅಲಂಕಾರವಿಲ್ಲ. ಪ್ರವಾಸಿಗಾಗಿ ಬರೆಯುವ ನಕಲುಗಾರನ ಕೈಯಲ್ಲಿ ಮೊದಲು ಕಾಣೆಯಾಗುವುದು ಈ ಬಿಗುವೇ.

ಹಾಗಾದರೆ ಚಿತ್ರವೂ ಕವಿತೆಯೂ ಏನನ್ನು ಉಳಿಸಿದವು? ಬೀದಿಯನ್ನಂತೂ ಅಲ್ಲ. ಫಾಯ್ ಅವರ ಚಿತ್ರ ಹಿಡಿದು ಒಂದು ಮನೆಯನ್ನೂ ಮತ್ತೆ ಕಟ್ಟಲಾಗದು. ಅವರು ಅಳತೆಗೆ ಬರೆದವರಲ್ಲ. ಅವು ಉಳಿಸಿಕೊಟ್ಟದ್ದು ಊರೆಂದರೆ ಆಸ್ತಿಯ ಮೊತ್ತವಷ್ಟೇ ಅಲ್ಲ ಎಂಬ ತಿಳಿವನ್ನು. ಒಂದು ಮರ, ಒಂದು ತಿರುವು, ಒಂದು ಬೂದುಬಣ್ಣದ ಗೋಡೆಯೂ ಊರಿನವರೆಲ್ಲರ ಲೆಕ್ಕಕ್ಕೆ ಸೇರಿದ್ದು ಎಂಬ ಮಾತನ್ನು. 2015ರ ಮಾರ್ಚಿನಲ್ಲಿ ಹನೋಯ್ ಆಡಳಿತ ಸುಮಾರು 6,700 ಬೀದಿಮರಗಳನ್ನು ಕಡಿದು ಬದಲಿಸಲು ಹೊರಟಾಗ ಜನ ಬೀದಿಗಿಳಿದರು. ಸಭೆ-ಮೆರವಣಿಗೆಗೆ ಸುಲಭವಾಗಿ ಅವಕಾಶವಿಲ್ಲದ ಆ ದೇಶದಲ್ಲಿ ಅದು ಸಣ್ಣ ಮಾತಲ್ಲ. ನೂರಾರು ಮರಗಳು ಉರುಳಿದ್ದರೂ ಉಳಿದವುಗಳ ಕಡಿತ ನಿಂತಿತು. ಆ ಜನ ಕವಿತೆ ಓದಿ ಬಂದರೆಂದು ಹೇಳಲಾಗದು. ಆದರೆ ಊರಿನ ಮರವನ್ನು ತಮ್ಮ ಸ್ವಂತ ನಷ್ಟವೆಂದು ಎಣಿಸುವ ಬಗೆಯನ್ನು ಅವರ ಭಾಷೆಯಲ್ಲಿ ನಾಲ್ಕು ದಶಕಗಳ ಹಿಂದೆಯೇ ಒಬ್ಬ ಕವಿ ಹೇಳಿಟ್ಟಿದ್ದರು.

ಹನೋಯ್ ಮೂರು ಪಟ್ಟು ಹಿಗ್ಗಿದ ಅದೇ 2008ರಲ್ಲಿ ಫಾಯ್ ಅವರ ಕುಟುಂಬ ಮತ್ತು ಅಲ್ಲಿನ ಒಂದು ಪತ್ರಿಕೆ ಸೇರಿ ‘ಹನೋಯ್ ಮೇಲಿನ ಪ್ರೀತಿಗಾಗಿ’ ಎಂಬ ಪ್ರಶಸ್ತಿಯನ್ನು ಚಿತ್ರಕಾರನ ಹೆಸರಿನಲ್ಲಿ ಆರಂಭಿಸಿದರು. ಅದು ಚಿತ್ರಕಾರರಿಗಷ್ಟೇ ಮೀಸಲಲ್ಲ. ನಗರ ಕುರಿತ ಒಳ್ಳೆಯ ಕೃತಿಗೆ, ಒಳ್ಳೆಯ ವಿಚಾರಕ್ಕೆ, ಒಳ್ಳೆಯ ಕೆಲಸಕ್ಕೆ, ಹೀಗೆ ಬೇರೆ ಬೇರೆಯಾಗಿ ಅದನ್ನು ಕೊಡುತ್ತಾರೆ. ಬೆಳೆಯುವ ಊರನ್ನು ತಡೆದು ನಿಲ್ಲಿಸುವ ಶಕ್ತಿ ಕುಂಚಕ್ಕೂ ಇಲ್ಲ, ಕವಿತೆಗೂ ಇಲ್ಲ. ಬೆಳೆಯುವಾಗ ಏನನ್ನು ಕೈಬಿಡುತ್ತಿದ್ದೇವೆಂದು ಎಣಿಸಿ ಹೇಳುವವರು ಊರಿಗೆ ಬೇಕು. ಹನೋಯ್ ಅಂಥವರನ್ನು ಒಂದು ಕಾಲಕ್ಕೆ ಶಿಕ್ಷಿಸಿ, ಮತ್ತೊಂದು ಕಾಲಕ್ಕೆ ಸನ್ಮಾನಿಸಿತು. ಅವರು ಬದುಕಿರುವಾಗಲೇ ಅವರ ಮಾತಿಗೆ ಕಿವಿಗೊಡುವುದು ಯಾವ ನಗರಕ್ಕೂ ಇನ್ನೂ ಕಲಿಯಬೇಕಾದ ಪಾಠವಾಗಿಯೇ ಉಳಿದಿದೆ.